ಹಳೆಯ ಡೀಸೆಲ್ ಕಾರು: ಪಿಕಪ್ ಕುಂದಿದಾಗ, ಹೊಗೆ ಹೆಚ್ಚಿದಾಗ

ಬಿಚ್ಚುವ ಮೊದಲು ಅಳೆಯಿರಿ. ಅಗ್ಗದ ಕಾರಣದಿಂದ ದುಬಾರಿ ಕಾರಣದತ್ತ ಸಾಗಿರಿ

ಗಂಗಾವತಿಯ ಅಕ್ಕಿ ಗಿರಣಿ, ಕೊಪ್ಪಳದ ಗಂಜ್ ವ್ಯಾಪಾರ, ಕುಷ್ಟಗಿಯ ಗ್ರಾನೈಟ್ ಘಟಕ, ಯಲಬುರ್ಗಾದ ಕಾಳುಕಡಿ ಖರೀದಿ – ಇವುಗಳಲ್ಲಿ ಯಾವ ವ್ಯವಹಾರವನ್ನು ತೆಗೆದುಕೊಂಡರೂ ಅದರ ಹಿಂದೆ ದಿನವೂ ಓಡಾಡುವ ಒಂದು ಡೀಸೆಲ್ ವಾಹನ ಇದ್ದೇ ಇರುತ್ತದೆ. ಬ್ಯಾಂಕಿನ ಕೆಲಸ, ವಸೂಲಿ, ಮಾದರಿ ಸರಕಿನ ಸಾಗಣೆ, ಹೊಸಪೇಟೆ ಅಥವಾ ಹುಬ್ಬಳ್ಳಿಯ ಪ್ರಯಾಣ ಎಲ್ಲವೂ ಅದರ ಮೇಲೆಯೇ ಅವಲಂಬಿಸಿವೆ. ಇಂತಹ ವಾಹನಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯವೇ ಅನೇಕ. ಸಾಲ ತೀರಿರುವ, ಒಗ್ಗಿ ಹೋಗಿರುವ ಕಾರನ್ನು ಮಾಲೀಕರು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬಿಡಬೇಕಾದ ಕಾರಣವೂ ಬಹಳ ಸಲ ಇರುವುದಿಲ್ಲ.

ಗಂಗಾವತಿಯ ವರ್ತಕರೊಬ್ಬರ ಬಳಿ ಹದಿನೈದು ವರ್ಷ ತುಂಬಲು ಬಂದಿರುವ ಡೀಸೆಲ್ ಕಾರು ಇದೆ ಎಂದು ಭಾವಿಸಿಕೊಳ್ಳಬಹುದು. ಕೆಲವು ತಿಂಗಳಿಂದ ಅದರ ಪಿಕಪ್ ಕುಂದಿದೆ. ಏರಿನಲ್ಲಿ ಗೇರ್ ಇಳಿಸದೆ ಹತ್ತುವುದಿಲ್ಲ. ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕಪ್ಪು ಹೊಗೆ. ನೋಂದಣಿ ನವೀಕರಣದ ದಿನವೂ ಸಮೀಪಿಸಿದೆ. ಒಬ್ಬ ಮೆಕ್ಯಾನಿಕ್ ‘ಪಂಪ್ ಇಳಿಸಬೇಕು’ ಎನ್ನುತ್ತಾರೆ. ಇನ್ನೊಬ್ಬರು ‘ಇಂಜಿನ್ ಕೆಲಸ ಬಂದಿದೆ’ ಎನ್ನುತ್ತಾರೆ. ಮೂರನೆಯವರು ‘ಮಾರಿಬಿಡಿ’ ಎಂದು ಸಲಹೆ ನೀಡುತ್ತಾರೆ. ಮೂವರ ಮಾತಿಗೂ ಹತ್ತಾರು ಸಾವಿರ ರೂಪಾಯಿಗಳ ಬೆಲೆಯಿದೆ. ಆದರೆ ಮೂವರಲ್ಲಿ ಯಾರೂ ಏನನ್ನೂ ಅಳೆದು ನೋಡಿಲ್ಲ.

ಪಿಕಪ್ ಕುಂದುವುದು ಮತ್ತು ಹೊಗೆ ಹೆಚ್ಚುವುದು ಹೆಚ್ಚಿನ ಸಂದರ್ಭಗಳಲ್ಲಿ ಎರಡು ರೋಗಗಳಲ್ಲ. ಒಂದೇ ಕಾರಣದ ಎರಡು ಲಕ್ಷಣಗಳು. ಹೊಗೆಯ ಬಣ್ಣವನ್ನೂ ಅದು ಕಾಣಿಸಿಕೊಳ್ಳುವ ಸಮಯವನ್ನೂ ಗಮನಿಸಿ, ನೂರರ ಲೆಕ್ಕದ ತಪಾಸಣೆಯಿಂದ ಆರಂಭಿಸಿ ಸಾವಿರದ ಲೆಕ್ಕದ ದುರಸ್ತಿಗೆ ಸಾಗಿದರೆ ಅನಗತ್ಯ ವೆಚ್ಚ ತಪ್ಪುತ್ತದೆ. ಮಾಲೀಕರು ಸ್ವತಃ ಸ್ಪ್ಯಾನರ್ ಹಿಡಿಯಬೇಕಾಗಿಲ್ಲ. ಯಾವ ಪ್ರಶ್ನೆ ಕೇಳಬೇಕೆಂಬುದು ತಿಳಿದಿದ್ದರೆ ಸಾಕು.

ಎರಡು ತಲೆಮಾರಿನ ಇಂಜಿನ್‌ಗಳು

ಜಿಲ್ಲೆಯ ರಸ್ತೆಗಳಲ್ಲಿ ಇಂದಿಗೂ ಕಾಣುವ ಹಳೆಯ ಡೀಸೆಲ್ ವಾಹನಗಳನ್ನು ಎರಡು ಗುಂಪಾಗಿ ವಿಂಗಡಿಸಬಹುದು. ಮೊದಲನೆಯದು ಯಾಂತ್ರಿಕ ಪಂಪ್‌ನ ವಾಹನಗಳು. ಅಂಬಾಸಿಡರ್ ಡೀಸೆಲ್, ಆರಂಭದ ಟಾಟಾ ಸುಮೊ, 1998ರಲ್ಲಿ ಬಂದ ಇಂಡಿಕಾದ ಮೊದಲ ಮಾದರಿಗಳು, 2000ದಿಂದ 2005ರವರೆಗೆ ಮಾರಾಟವಾದ ಕ್ವಾಲಿಸ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಡೀಸೆಲ್‌ನ ಪ್ರಮಾಣವನ್ನೂ ಸಮಯವನ್ನೂ ಪಂಪ್ ತಾನೇ ನಿರ್ಧರಿಸುತ್ತದೆ.

ಎರಡನೆಯದು ಕಾಮನ್ ರೈಲ್ ವಾಹನಗಳು. 2005ರಲ್ಲಿ ಬಂದ ಇನೋವಾ, 2007ರಲ್ಲಿ ಬಂದ 1,248 ಸಿಸಿಯ ಸ್ವಿಫ್ಟ್ ಡೀಸೆಲ್ ಮುಂತಾದವು ಇದಕ್ಕೆ ಉದಾಹರಣೆ. ಇವುಗಳಲ್ಲಿ ಪಂಪ್ ಕೇವಲ ಒತ್ತಡವನ್ನು ಒದಗಿಸುತ್ತದೆ. ಎಷ್ಟು ಡೀಸೆಲ್, ಯಾವಾಗ ಎಂಬುದನ್ನು ಸೆನ್ಸರ್‌ಗಳ ಮಾಹಿತಿಯ ಮೇರೆಗೆ ಕಂಪ್ಯೂಟರ್ ನಿರ್ಧರಿಸುತ್ತದೆ. ರೋಗಲಕ್ಷಣಗಳು ಎರಡರಲ್ಲೂ ಬಹುಮಟ್ಟಿಗೆ ಸಮಾನ; ಪರೀಕ್ಷೆಯ ವಿಧಾನ ಮಾತ್ರ ಬೇರೆ. ಯಾಂತ್ರಿಕ ಪಂಪ್‌ನ ಕಾರಿಗೆ ಸಲ್ಲುವ ಉಪಾಯ ಕಾಮನ್ ರೈಲ್ ಕಾರಿನಲ್ಲಿ ಅಪಾಯಕಾರಿ ಆಗಬಹುದು.

ಒಂದು ಲೀಟರ್ ಡೀಸೆಲ್‌ಗೆ ಹತ್ತು ಸಾವಿರ ಲೀಟರ್ ಗಾಳಿ

ಒಂದು ಕಿಲೋ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು 14.5 ಕಿಲೋ ಗಾಳಿ ಬೇಕು. ಒಂದು ಲೀಟರ್ ಡೀಸೆಲ್‌ನ ತೂಕ ಸುಮಾರು 0.83 ಕಿಲೋ. ಅಂದರೆ ಪ್ರತಿ ಲೀಟರ್ ಡೀಸೆಲ್‌ಗೆ ಕನಿಷ್ಠ 12 ಕಿಲೋ, ಅಂದಾಜು 10,000 ಲೀಟರ್ ಗಾಳಿಯನ್ನು ಇಂಜಿನ್ ಒಳಗೆಳೆದುಕೊಳ್ಳಬೇಕು. ವಾಸ್ತವದಲ್ಲಿ ಡೀಸೆಲ್ ಇಂಜಿನ್‌ಗೆ ಇದಕ್ಕಿಂತ ಇನ್ನೂ ಹೆಚ್ಚಿನ ಗಾಳಿ ಬೇಕಾಗುತ್ತದೆ. ಏಕೆಂದರೆ ಸಿಂಪಡಿಸಿದ ಇಂಧನಕ್ಕೆ ಗಾಳಿಯೊಡನೆ ಬೆರೆಯಲು ದೊರೆಯುವ ಕಾಲ ಅತ್ಯಲ್ಪ.

ಗಾಳಿ ಕಡಿಮೆಯಾದರೆ ಇಂಧನ ಪೂರ್ತಿ ಉರಿಯದೆ ಮಸಿಯಾಗುತ್ತದೆ. ಅದೇ ಕಪ್ಪು ಹೊಗೆ. ಉರಿಯದ ಇಂಧನ ಶಕ್ತಿಯನ್ನು ಕೊಡುವುದಿಲ್ಲವಾದ್ದರಿಂದ ಪಿಕಪ್ ಕುಂದುತ್ತದೆ. ಚಾಲಕರು ಆಕ್ಸಿಲರೇಟರ್ ಇನ್ನಷ್ಟು ಒತ್ತುತ್ತಾರೆ, ಇನ್ನಷ್ಟು ಇಂಧನ ಹೋಗುತ್ತದೆ, ಇನ್ನಷ್ಟು ಹೊಗೆ ಬರುತ್ತದೆ. ಬೇಸಿಗೆಯಲ್ಲಿ ಈ ದೂರು ಹೆಚ್ಚುವುದಕ್ಕೂ ಕಾರಣವಿದೆ. 20 ಡಿಗ್ರಿ ಉಷ್ಣತೆಯ ಗಾಳಿಗಿಂತ 40 ಡಿಗ್ರಿಯ ಗಾಳಿಯ ಸಾಂದ್ರತೆ ಸುಮಾರು ಶೇ. 6ರಷ್ಟು ಕಡಿಮೆ. ಸುಸ್ಥಿತಿಯಲ್ಲಿರುವ ಇಂಜಿನ್ ಈ ಕೊರತೆಯನ್ನು ಸಹಿಸಿಕೊಳ್ಳುತ್ತದೆ. ಗಾಳಿಯ ದಾರಿ ಮೊದಲೇ ಕಟ್ಟಿಕೊಂಡಿರುವ ಇಂಜಿನ್ ಏಪ್ರಿಲ್ ಮೇ ತಿಂಗಳಲ್ಲಿ ಸೋಲುತ್ತದೆ.

ಹೊಗೆಯ ಬಣ್ಣ, ಹೊಗೆಯ ಸಮಯ

ವಾಹನವನ್ನು ಗ್ಯಾರೇಜಿಗೆ ಒಯ್ಯುವ ಮುನ್ನ ಮೂರು ನಾಲ್ಕು ದಿನ ಗಮನವಿಟ್ಟು ನೋಡಿ ಬರೆದಿಟ್ಟುಕೊಳ್ಳುವುದು ಒಳಿತು. ಬೆಳಿಗ್ಗೆ ಮೊದಲ ಸಲ ಚಾಲು ಮಾಡಿದಾಗ, ನಿಂತಲ್ಲೇ ಇಂಜಿನ್ ಓಡುವಾಗ, ಏರಿನಲ್ಲಿ, ಇಳಿಜಾರಿನ ನಂತರ ಮತ್ತೆ ಆಕ್ಸಿಲರೇಟರ್ ಒತ್ತಿದಾಗ – ಈ ನಾಲ್ಕು ಸಂದರ್ಭಗಳಲ್ಲಿ ಹೊಗೆ ಹೇಗಿದೆ ಎಂಬ ಟಿಪ್ಪಣಿ ಮೆಕ್ಯಾನಿಕ್‌ನ ಅರ್ಧ ಕೆಲಸವನ್ನು ಉಳಿಸುತ್ತದೆ.

ಕಪ್ಪು ಹೊಗೆ: ಇಂಧನಕ್ಕೆ ತಕ್ಕಷ್ಟು ಗಾಳಿ ಇಲ್ಲ, ಅಥವಾ ಗಾಳಿಗೆ ಮೀರಿದ ಇಂಧನ ಹೋಗುತ್ತಿದೆ, ಅಥವಾ ಇಂಧನ ಸರಿಯಾಗಿ ಸಿಂಪಡಣೆಯಾಗುತ್ತಿಲ್ಲ. ಏರ್ ಫಿಲ್ಟರ್, ಟರ್ಬೊ ಪೈಪ್, ಇಜಿಆರ್ ವಾಲ್ವ್, ನಾಜಲ್, ಪಂಪ್ ಈ ಕ್ರಮದಲ್ಲಿ ಸಂಶಯಿಸಬೇಕು. ಯಾಂತ್ರಿಕ ಪಂಪ್‌ನ ಹಳೆಯ ಕಾರಿನಲ್ಲಿ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ ಕ್ಷಣಮಾತ್ರ ತೆಳುವಾದ ಕಪ್ಪು ಹೊಗೆ ಬರುವುದು ದೋಷವಲ್ಲ. ಎಡೆಬಿಡದೆ ದಟ್ಟವಾಗಿ ಬರುವುದು ದೋಷ.

ಬಿಳಿ ಹೊಗೆ: ಚಳಿಗಾಲದ ಬೆಳಿಗ್ಗೆ ಒಂದೆರಡು ನಿಮಿಷ ಕಾಣುವ ಆವಿ ಸಹಜ. ಇಂಜಿನ್ ಬಿಸಿಯಾದ ಮೇಲೂ ಕಣ್ಣುರಿಸುವ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಇಂಧನ ಉರಿಯದೆ ಹೊರಬೀಳುತ್ತಿದೆ ಎಂದರ್ಥ. ಟೈಮಿಂಗ್ ಹಿಂದೆ ಸರಿದಿರುವುದು, ನಾಜಲ್ ಸೋರುವುದು, ಕಂಪ್ರೆಷನ್ ಕುಂದಿರುವುದು ಇದಕ್ಕೆ ಕಾರಣಗಳು. ಬೆಳಿಗ್ಗೆ ಮಾತ್ರ ಬಂದು, ಚಾಲು ಮಾಡಲೂ ಕಷ್ಟವಾಗುತ್ತಿದ್ದರೆ ಹೀಟರ್ ಪ್ಲಗ್‌ಗಳನ್ನು ಪರೀಕ್ಷಿಸಬೇಕು. ಡೀಸೆಲ್ ವಾಸನೆಯಿಲ್ಲದ ಬಿಳಿ ಹೊಗೆಯ ಜೊತೆಗೆ ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಬರುತ್ತದೆ. ಅಂತಹ ಕಾರನ್ನು ಓಡಿಸುವುದನ್ನು ಕೂಡಲೇ ನಿಲ್ಲಿಸುವುದು ಕ್ಷೇಮ.

ನೀಲಿ ಹೊಗೆ: ಇಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್, ವಾಲ್ವ್ ಸೀಲ್, ಟರ್ಬೊ ಸೀಲ್ ಇವುಗಳಲ್ಲಿ ಒಂದು ಸವೆದಿರುತ್ತದೆ. ಆದರೆ ಆಯಿಲ್ ಮಟ್ಟ ಮಿತಿಗಿಂತ ಹೆಚ್ಚಾಗಿದ್ದರೂ ನೀಲಿ ಹೊಗೆ ಬರುತ್ತದೆ. ಆದ್ದರಿಂದ ಮೊದಲು ಡಿಪ್ ಸ್ಟಿಕ್ ನೋಡುವುದು ಅವಶ್ಯ, ಅದಕ್ಕೆ ಖರ್ಚಿಲ್ಲ.

ಹೊಗೆಯೇ ಇಲ್ಲದೆ ಪಿಕಪ್ ಮಾತ್ರ ಕುಂದಿದ್ದರೆ ದೋಷ ಇಂಜಿನ್‌ನಲ್ಲಿ ಇಲ್ಲದಿರುವ ಸಾಧ್ಯತೆಯೂ ಇದೆ. ಇಂಜಿನ್ ಶಬ್ದ ಏರುತ್ತಿದ್ದು ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಹಳೆಯ ಕಾರುಗಳಲ್ಲಿ ಆಕ್ಸಿಲರೇಟರ್ ಕೇಬಲ್ ಸಡಿಲವಾಗಿ, ಪೆಡಲ್ ಪೂರ್ತಿ ಒತ್ತಿದರೂ ಪಂಪ್‌ನ ಲಿವರ್ ಪೂರ್ತಿ ತಿರುಗದಿರುವುದುಂಟು. ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಲಿವರ್ ನೋಡಿದರೆ ಇದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಮೊದಲನೆಯ ಹೆಜ್ಜೆ: ಧೂಳು

ಕೊಪ್ಪಳ ಜಿಲ್ಲೆಯಲ್ಲಿ ಏರ್ ಫಿಲ್ಟರ್ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಗಂಗಾವತಿ, ಕಾರಟಗಿ ಭಾಗದ ಗಿರಣಿಗಳ ಅಂಗಳದಲ್ಲಿ ಭತ್ತದ ತೌಡು ಮತ್ತು ಹೊಟ್ಟಿನ ನವಿರಾದ ಪುಡಿ ಸದಾ ತೇಲುತ್ತಿರುತ್ತದೆ. ಗಿಣಿಗೇರಿ ಸುತ್ತಮುತ್ತ ಕಬ್ಬಿಣದ ಕಾರ್ಖಾನೆಗಳ ರಸ್ತೆಯಲ್ಲಿ ಅದಿರು ಮತ್ತು ಕಲ್ಲಿದ್ದಲಿನ ಧೂಳು. ಕುಷ್ಟಗಿಯಲ್ಲಿ ಗ್ರಾನೈಟ್ ಕಲ್ಲಿನ ಪುಡಿ. ಯಲಬುರ್ಗಾ ಕಡೆಯ ಹಳ್ಳಿ ರಸ್ತೆಗಳಲ್ಲಿ ಬೇಸಿಗೆಯ ಎರೆಮಣ್ಣಿನ ಧೂಳು. ವಾಹನದ ಕೈಪಿಡಿಯಲ್ಲಿ ಏರ್ ಫಿಲ್ಟರ್ ಬದಲಾವಣೆಗೆ ಸೂಚಿಸಿರುವ ಕಿಲೋಮೀಟರ್ ಲೆಕ್ಕ ಸಾಮಾನ್ಯ ರಸ್ತೆಗೆ ಸಂಬಂಧಿಸಿದ್ದು. ಧೂಳಿನ ಪ್ರದೇಶದಲ್ಲಿ ಅದಕ್ಕಿಂತ ಬೇಗ ಬದಲಿಸಬೇಕೆಂದು ತಯಾರಕರೇ ಸೂಚಿಸುತ್ತಾರೆ. ಗಿರಣಿಯ ಅಂಗಳದಲ್ಲಿ ದಿನವಿಡೀ ನಿಲ್ಲುವ ಕಾರಿನ ಫಿಲ್ಟರನ್ನು ಪ್ರತಿ ತಿಂಗಳು ತೆರೆದು ನೋಡುವುದು ಅಭ್ಯಾಸವಾಗಬೇಕು.

ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಕಂಪ್ರೆಸರ್ ಗಾಳಿಯಿಂದ ಸ್ವಚ್ಛಗೊಳಿಸುವುದಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ, ದೂರದಿಂದ ಊದಬೇಕು. ಹತ್ತಿರದಿಂದ ರಭಸವಾಗಿ ಊದಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಬಿಸಿಲಿಗೆ ಹಿಡಿದಾಗ ಬೆಳಕಿನ ಚುಕ್ಕೆ ಕಂಡರೆ, ಅಂಚಿನ ರಬ್ಬರ್ ಬಿರಿದಿದ್ದರೆ, ಫಿಲ್ಟರ್ ಎಸೆಯತಕ್ಕದ್ದು.

ಕೆಲವರು ಪಿಕಪ್ ಸಿಗಲೆಂದು ಫಿಲ್ಟರ್ ತೆಗೆದೇ ಓಡಿಸುತ್ತಾರೆ. ಇದು ಬಹಳ ದುಬಾರಿಯಾದ ಉಳಿತಾಯ. ಕಲ್ಲಿನ ಪುಡಿ ನೇರವಾಗಿ ಸಿಲಿಂಡರ್ ಸೇರಿ ರಿಂಗ್ ಮತ್ತು ಬೋರನ್ನು ಉಜ್ಜುಕಾಗದದಂತೆ ಸವೆಸುತ್ತದೆ. ನೂರರ ಲೆಕ್ಕದ ಫಿಲ್ಟರ್ ಉಳಿಸಿದವರು ನೀಲಿ ಹೊಗೆಯನ್ನೂ ಇಂಜಿನ್ ಕೆಲಸವನ್ನೂ ಕೊಂಡುಕೊಂಡಂತೆ ಆಗುತ್ತದೆ. ಫಿಲ್ಟರ್ ಮೇಲೆ ಸಂಶಯವಿದ್ದರೆ ಹೊಸದನ್ನು ಹಾಕಿ ನೋಡಬೇಕೇ ಹೊರತು ತೆಗೆದು ಓಡಿಸಬಾರದು.

ಎರಡನೆಯ ಹೆಜ್ಜೆ: ಡೀಸೆಲ್‌ನ ಶುದ್ಧತೆ

ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೆ ನಿಧಾನವಾಗಿ ಹೋಗುವಾಗ ಕಾರು ಸರಿಯಾಗಿಯೇ ಓಡುತ್ತದೆ; ಏರಿನಲ್ಲಿ ಅಥವಾ ಹೆದ್ದಾರಿಯ ವೇಗದಲ್ಲಿ ಇಂಧನ ಸಾಲದೆ ತಡವರಿಸುತ್ತದೆ. ಇಲ್ಲಿ ಕಪ್ಪು ಹೊಗೆ ಸಾಮಾನ್ಯವಾಗಿ ಇರುವುದಿಲ್ಲ. ಇದು ಏರ್ ಫಿಲ್ಟರ್ ದೋಷಕ್ಕೂ ಡೀಸೆಲ್ ಫಿಲ್ಟರ್ ದೋಷಕ್ಕೂ ಇರುವ ಮುಖ್ಯ ವ್ಯತ್ಯಾಸ.

ಗಿರಣಿ, ಕ್ವಾರಿ, ಹೊಲಗಳಲ್ಲಿ ಜನರೇಟರ್ ಅಥವಾ ಟ್ರ್ಯಾಕ್ಟರ್‌ಗಾಗಿ ಬ್ಯಾರಲ್‌ನಲ್ಲಿ ಡೀಸೆಲ್ ಇಡುವ ರೂಢಿಯಿದೆ. ಅದರಿಂದಲೇ ಕಾರಿಗೂ ತುಂಬಿಸುವುದುಂಟು. ಅರ್ಧ ಖಾಲಿಯಾದ ಬ್ಯಾರಲ್‌ನಲ್ಲಿ ಹಗಲು ರಾತ್ರಿಯ ಉಷ್ಣತೆಯ ವ್ಯತ್ಯಾಸದಿಂದ ತೇವಾಂಶ ನೀರಾಗಿ ಇಳಿದು ತಳದಲ್ಲಿ ನಿಲ್ಲುತ್ತದೆ. ತುಕ್ಕು ಮತ್ತು ಧೂಳು ಅದರೊಡನೆ ಸೇರುತ್ತವೆ. ಫಿಲ್ಟರ್‌ನ ತಳದ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಡೀಸೆಲ್ ಇಳಿಸಿದರೆ ನೀರು ತಳದಲ್ಲಿ ಬೇರೆಯಾಗಿ ಕಾಣುತ್ತದೆ. ನೀರು ಮತ್ತು ಸೀಮೆಎಣ್ಣೆಯ ಕಲಬೆರಕೆ ಎರಡೂ ಪಂಪ್‌ಗೆ ವಿಷವಿದ್ದಂತೆ. ಪಂಪ್ ಮತ್ತು ನಾಜಲ್‌ಗಳ ಒಳಭಾಗಗಳಿಗೆ ಜಿಡ್ಡು ಒದಗಿಸುವುದು ಡೀಸೆಲ್ಲೇ. ಅದರ ಜಿಡ್ಡು ಕಡಿಮೆಯಾದರೆ ಲೋಹ ಲೋಹವನ್ನು ತಿನ್ನುತ್ತದೆ.

ಇಂಧನದ ಪೈಪ್‌ನಲ್ಲಿ ಗಾಳಿ ಸೇರಿದ್ದರೂ ಇಂಜಿನ್ ತಡವರಿಸುತ್ತದೆ. ಯಾಂತ್ರಿಕ ಪಂಪ್‌ನ ಕಾರುಗಳಲ್ಲಿ ಫಿಲ್ಟರ್ ಮತ್ತು ಪಂಪ್ ನಡುವೆ ತಾತ್ಕಾಲಿಕವಾಗಿ ಪಾರದರ್ಶಕ ಪೈಪ್ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ. ಬಿರಿದ ಪೈಪ್, ಸಡಿಲ ಕ್ಲಿಪ್, ಹಳೆಯ ವಾಷರ್ ಇಷ್ಟೇ ಕಾರಣವಾಗಿರುವುದು ಅಪರೂಪವೇನಲ್ಲ.

ಮೂರನೆಯ ಹೆಜ್ಜೆ: ಟರ್ಬೊ ಮತ್ತು ಇಜಿಆರ್

ಟರ್ಬೊ ಇರುವ ಕಾರಿನಲ್ಲಿ ಪಿಕಪ್ ಒಮ್ಮೆಲೇ ಹೋಗಿ, ಕಪ್ಪು ಹೊಗೆಯ ಜೊತೆಗೆ ಗಾಳಿ ಸೋರುವ ‘ಸುಂಯ್’ ಶಬ್ದ ಕೇಳಿಸಿದರೆ, ಟರ್ಬೊದಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪ್ ಬಿರಿದಿರುವ ಅಥವಾ ಕ್ಲ್ಯಾಂಪ್ ಸಡಿಲವಾಗಿರುವ ಸಂಭವವೇ ಹೆಚ್ಚು. ಬಿರುಕು ಪೈಪ್‌ನ ಕೆಳಭಾಗದಲ್ಲಿದ್ದು, ಒತ್ತಡ ಬಂದಾಗ ಮಾತ್ರ ಬಾಯ್ಬಿಡುವುದರಿಂದ ನಿಂತ ಕಾರಿನಲ್ಲಿ ಕಾಣದೆ ಹೋಗಬಹುದು. ಟರ್ಬೊ ಬದಲಿಸುವ ಮಾತಿಗೆ ಮುನ್ನ ಈ ಪೈಪ್‌ಗಳನ್ನೂ, ಟರ್ಬೊವನ್ನು ನಿಯಂತ್ರಿಸುವ ಸಣ್ಣ ವ್ಯಾಕ್ಯೂಮ್ ಪೈಪ್‌ಗಳನ್ನೂ ಪೂರ್ತಿ ಪರಿಶೀಲಿಸುವಂತೆ ಕೇಳಬೇಕು.

ಟರ್ಬೊದ ಸೀಲ್ ಸವೆದರೆ ಇಂಜಿನ್ ಆಯಿಲ್ ಗಾಳಿಯ ದಾರಿಗೆ ಸೇರುತ್ತದೆ. ನೀಲಿ ಹೊಗೆ, ಆಯಿಲ್ ಇಳಿಕೆ, ಪೈಪ್ ಒಳಗೆ ನಿಂತ ಆಯಿಲ್ ಇದರ ಗುರುತು. ಇದನ್ನು ಕಡೆಗಣಿಸಬಾರದು. ಆಯಿಲ್ ಬಹಳವಾಗಿ ಸೇರಿದರೆ ಡೀಸೆಲ್ ಇಂಜಿನ್ ಆ ಆಯಿಲನ್ನೇ ಇಂಧನವಾಗಿಸಿಕೊಂಡು, ಕೀಲಿ ತೆಗೆದರೂ ನಿಲ್ಲದೆ ವೇಗವೇರುವ ಅಪಾಯವಿದೆ. ದೂರದ ಪ್ರಯಾಣದಿಂದ ಬಂದು ನಿಲ್ಲಿಸಿದಾಗ ಒಂದು ನಿಮಿಷ ಇಂಜಿನ್ ನಿಧಾನವಾಗಿ ಓಡಲು ಬಿಟ್ಟು ನಂತರ ಬಂದ್ ಮಾಡುವುದರಿಂದ ಟರ್ಬೊದ ಆಯುಷ್ಯ ಹೆಚ್ಚುತ್ತದೆ.

ಹೊಗೆಯ ಒಂದು ಭಾಗವನ್ನು ಮರಳಿ ಇಂಜಿನ್‌ಗೆ ಕಳುಹಿಸುವ ಇಜಿಆರ್ ವಾಲ್ವ್ ಮಸಿಯಿಂದ ಕಟ್ಟಿಕೊಂಡು ತೆರೆದ ಸ್ಥಿತಿಯಲ್ಲಿಯೇ ನಿಂತುಬಿಟ್ಟರೆ ತಾಜಾ ಗಾಳಿಯ ಪಾಲು ಕಡಿಮೆಯಾಗಿ ಕಪ್ಪು ಹೊಗೆಯೂ ಮಂದಗತಿಯೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಪಟ್ಟಣದೊಳಗೆ ಕಡಿಮೆ ವೇಗದಲ್ಲಿಯೇ ಓಡುವ ಕಾರುಗಳಲ್ಲಿ ಇದು ಹೆಚ್ಚು. ವಾಲ್ವ್ ಬಿಚ್ಚಿ ಸ್ವಚ್ಛಗೊಳಿಸಿದರೆ ಬಹಳ ಸಲ ಸರಿಹೋಗುತ್ತದೆ. ತಗಡು ಹಾಕಿ ಮುಚ್ಚಿಬಿಡುವುದು ಮಾಲಿನ್ಯ ನಿಯಂತ್ರಣ ಸಾಧನವನ್ನು ನಿಷ್ಕ್ರಿಯಗೊಳಿಸಿದಂತೆ. ಅದು ಸರಿಯಾದ ಮಾರ್ಗವಲ್ಲ.

ಕಾಮನ್ ರೈಲ್ ಕಾರುಗಳಲ್ಲಿ ಈ ಹಂತದಲ್ಲಿ ಸ್ಕ್ಯಾನರ್ ಜೋಡಿಸುವುದು ಅವಶ್ಯ. ದೋಷ ಕಂಡಾಗ ಕಂಪ್ಯೂಟರ್ ಇಂಜಿನ್‌ನ ಶಕ್ತಿಯನ್ನು ತಾನೇ ಮಿತಿಗೊಳಿಸುತ್ತದೆ. ಆದರೆ ಸ್ಕ್ಯಾನರ್ ತೋರಿಸುವ ಕೋಡ್ ಅಂತಿಮ ತೀರ್ಪಲ್ಲ. ‘ಗಾಳಿ ಕಡಿಮೆ’ ಎಂಬ ಕೋಡ್‌ಗೆ ಸೆನ್ಸರ್ ಕಾರಣವಿರಬಹುದು, ಬಿರಿದ ಪೈಪ್ ಕಾರಣವಿರಬಹುದು, ಕಟ್ಟಿಕೊಂಡ ಫಿಲ್ಟರ್ ಕೂಡ ಕಾರಣವಿರಬಹುದು. ಕೋಡ್ ನೋಡಿದ ಕೂಡಲೇ ಸೆನ್ಸರ್ ಬದಲಿಸುವುದು ಹಣ ಕಳೆಯುವ ದಾರಿ.

ನಾಲ್ಕನೆಯ ಹೆಜ್ಜೆ: ನಾಜಲ್ ಮತ್ತು ಪಂಪ್

1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ‘ಮೈಕೋ’, ದೇಶದ ಡೀಸೆಲ್ ವಾಹನಗಳಿಗೆ ಪಂಪ್ ಮತ್ತು ನಾಜಲ್‌ಗಳನ್ನು ಒದಗಿಸಿದ ಪ್ರಮುಖ ಸಂಸ್ಥೆ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಇಂತಹ ಪಂಪ್‌ಗಳನ್ನು ಬಿಚ್ಚಿ ಜೋಡಿಸಲು ಪರೀಕ್ಷಾ ಬೆಂಚ್ ಇರುವ ಅಂಗಡಿಯೇ ಬೇಕು. ಬೆಂಚ್ ಇಲ್ಲದೆ ‘ಅಂದಾಜಿನ ಮೇಲೆ’ ಸೆಟ್ಟಿಂಗ್ ಮಾಡುವವರಿಗೆ ಪಂಪ್ ಕೊಡಬಾರದು.

ಪಂಪ್‌ಗಿಂತ ಮೊದಲು ನಾಜಲ್ ನೋಡಬೇಕು. ಯಾಂತ್ರಿಕ ಪಂಪ್‌ನ ಇಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಮೆಕ್ಯಾನಿಕ್ ಒಂದೊಂದೇ ನಾಜಲ್‌ನ ಪೈಪ್ ನಟ್ ಸಡಿಲಿಸುತ್ತಾರೆ. ಆರೋಗ್ಯವಂತ ಸಿಲಿಂಡರ್‌ನ ಇಂಧನ ನಿಂತಾಗ ಇಂಜಿನ್ ನಡುಗಿ ವೇಗ ಇಳಿಯುತ್ತದೆ. ಯಾವುದನ್ನು ಸಡಿಲಿಸಿದಾಗ ವ್ಯತ್ಯಾಸವಾಗುವುದಿಲ್ಲವೋ, ಹೊಗೆ ಮಾತ್ರ ಕಡಿಮೆಯಾಗುತ್ತದೆಯೋ, ದೋಷ ಆ ಸಿಲಿಂಡರ್‌ನಲ್ಲಿದೆ. ನಂತರ ಆ ನಾಜಲನ್ನು ಪರೀಕ್ಷಾ ಯಂತ್ರಕ್ಕೆ ಹಾಕಿದಾಗ ಮಂಜಿನಂತೆ ಸಿಂಪಡಿಸುತ್ತದೆಯೋ, ಹನಿ ಹನಿಯಾಗಿ ಸೋರುತ್ತದೆಯೋ ಎಂಬುದು ಕಣ್ಣೆದುರಿಗೇ ಕಾಣುತ್ತದೆ. ಮಾಲೀಕರು ಅಲ್ಲಿ ನಿಂತು ನೋಡುವುದು ಲೇಸು.

ಎಚ್ಚರಿಕೆ: ಕಾಮನ್ ರೈಲ್ ಇಂಜಿನ್‌ನಲ್ಲಿ ಹೀಗೆ ನಟ್ ಸಡಿಲಿಸುವುದು ಪ್ರಾಣಾಪಾಯಕರ. ಅಲ್ಲಿಯ ಒತ್ತಡ ಸಾವಿರ ಬಾರ್ ಮೀರಿರುತ್ತದೆ. ಕಾರಿನ ಟೈರಿನಲ್ಲಿರುವುದು ಸುಮಾರು ಎರಡು ಬಾರ್ ಮಾತ್ರ. ಸಣ್ಣ ಸೋರಿಕೆಯೂ ಚರ್ಮವನ್ನು ಭೇದಿಸಿ ಒಳಹೋಗಬಲ್ಲದು. ಇಂತಹ ಇಂಜಿನ್‌ಗಳಲ್ಲಿ ಪ್ರತಿ ಇಂಜೆಕ್ಟರ್‌ನಿಂದ ಮರಳುವ ಡೀಸೆಲನ್ನು ಸಣ್ಣ ಬಾಟಲಿಗಳಲ್ಲಿ ಹಿಡಿದು ಹೋಲಿಸುವ ‘ರಿಟರ್ನ್ ಟೆಸ್ಟ್’ ಇದೆ. ನಾಲ್ಕರಲ್ಲಿ ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ನಾಲ್ಕನ್ನೂ ಒಟ್ಟಿಗೆ ಬದಲಿಸುವ ಸಲಹೆಗೆ ಒಪ್ಪುವ ಮೊದಲು ಈ ಬಾಟಲಿಗಳನ್ನು ನೋಡಬೇಕು.

ಪಿಕಪ್ ಬೇಕೆಂದಾಗ ಪಂಪ್‌ನ ಇಂಧನ ಹೆಚ್ಚಿಸುವ ಸ್ಕ್ರೂ ತಿರುಗಿಸಿಕೊಡುವುದು, ಎಮಿಷನ್ ಟೆಸ್ಟ್ ಮುನ್ನಾದಿನ ಅದನ್ನೇ ಹಿಂದಕ್ಕೆ ತಿರುಗಿಸುವುದು ಕೆಲವೆಡೆ ರೂಢಿಯಲ್ಲಿದೆ. ಮೊದಲನೆಯದರಿಂದ ಒಂದೆರಡು ವಾರ ಕಾರು ಚುರುಕಾದಂತೆ ತೋರುತ್ತದೆ. ಆದರೆ ಗಾಳಿ ಅಷ್ಟೇ ಇರುವುದರಿಂದ ಹೆಚ್ಚಿನ ಇಂಧನ ಹೊಗೆಯಾಗುತ್ತದೆ, ಪಿಸ್ಟನ್ ಅತಿಯಾಗಿ ಕಾಯುತ್ತದೆ. ಎರಡನೆಯದರಿಂದ ಹೊಗೆಯೂ ಪಿಕಪ್ಪೂ ಎರಡೂ ಇಳಿಯುತ್ತವೆ. ಎರಡರಲ್ಲೂ ಮೂಲ ದೋಷ ಇದ್ದಲ್ಲಿಯೇ ಇರುತ್ತದೆ.

ಟೈಮಿಂಗ್ ಬೆಲ್ಟ್ ಬದಲಿಸಿದ ನಂತರವೇ ಕಾರು ಮಂದವಾಗಿದ್ದರೆ, ಬೆಲ್ಟ್ ಒಂದು ಹಲ್ಲು ತಪ್ಪಿ ಕುಳಿತಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು. ‘ಈ ದೋಷ ಯಾವ ಕೆಲಸದ ನಂತರ ಆರಂಭವಾಯಿತು?’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಬಹಳ ಸಲ ಕಾರಣವೂ ಸಿಗುತ್ತದೆ.

ಕೊನೆಯ ಹೆಜ್ಜೆ: ಕಂಪ್ರೆಷನ್ ಪರೀಕ್ಷೆ

ಡೀಸೆಲ್ ಇಂಜಿನ್‌ನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ರಿಂಗ್ ಅಥವಾ ವಾಲ್ವ್ ಸವೆದು ಒತ್ತಡ ಸೋರಿದರೆ ಚಾಲು ಮಾಡಲು ಕಷ್ಟ, ಬಿಳಿ ಹೊಗೆ, ಆಯಿಲ್ ಸೇರಿದಾಗ ನೀಲಿ ಹೊಗೆ, ಎಲ್ಲ ವೇಗದಲ್ಲೂ ದುರ್ಬಲತೆ ಕಾಣಿಸಿಕೊಳ್ಳುತ್ತವೆ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದರೆ ಹೊಗೆ ರಭಸವಾಗಿ ಚಿಮ್ಮುವುದು ರಿಂಗ್ ಸವೆತದ ಸೂಚನೆ. ಆದರೆ ಸೂಚನೆಯೇ ಸಾಕ್ಷ್ಯವಲ್ಲ.

ಸಾಕ್ಷ್ಯ ಬೇಕಾದರೆ ನಾಜಲ್ ಅಥವಾ ಹೀಟರ್ ಪ್ಲಗ್‌ನ ಸ್ಥಾನದಲ್ಲಿ ಡೀಸೆಲ್ ಇಂಜಿನ್‌ಗೆ ತಕ್ಕ ಗೇಜ್ ಜೋಡಿಸಿ ಪ್ರತಿ ಸಿಲಿಂಡರ್‌ನ ಒತ್ತಡ ಅಳೆಯಬೇಕು. ಕನಿಷ್ಠ ಎಷ್ಟಿರಬೇಕೆಂಬುದು ತಯಾರಕರ ಕೈಪಿಡಿಯಲ್ಲಿ ಇರುತ್ತದೆ. ನಾಲ್ಕು ಸಿಲಿಂಡರ್‌ಗಳ ನಡುವೆ ಹೆಚ್ಚು ವ್ಯತ್ಯಾಸವಿರಬಾರದು. ಈ ನಾಲ್ಕು ಅಂಕಿಗಳನ್ನು ಕಾಗದದ ಮೇಲೆ ಪಡೆಯದೆ ಇಂಜಿನ್ ಇಳಿಸಲು ಒಪ್ಪಿಗೆ ಕೊಡುವುದು ತಕ್ಕಡಿಯಲ್ಲಿ ತೂಗದೆ ಸರಕಿಗೆ ಬೆಲೆ ಕಟ್ಟಿದಂತೆ.

ಕಾನೂನಿನ ಅಂಶಗಳು

ಡೀಸೆಲ್ ವಾಹನದ ಹೊಗೆ ತಪಾಸಣೆಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೇ ನಿಯಮದ ಪ್ರಕಾರ ನಡೆಸಲಾಗುತ್ತದೆ. ನಿಂತ ವಾಹನದ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಹೊಗೆಯ ದಟ್ಟಣೆಯನ್ನು ಯಂತ್ರದಿಂದ ಅಳೆಯುತ್ತಾರೆ. ಬಿಎಸ್-4ಕ್ಕಿಂತ ಹಿಂದಿನ ವಾಹನಗಳಿಗೆ ಮಿತಿ 65 ಹಾರ್ಟ್ರಿಜ್ ಘಟಕಗಳು; ಬಿಎಸ್-4 ವಾಹನಗಳಿಗೆ 50. ಹಿಂದಿನ ವಾಹನಗಳ ಪ್ರಮಾಣಪತ್ರಕ್ಕೆ ಆರು ತಿಂಗಳು, ಬಿಎಸ್-4 ಮತ್ತು ಬಿಎಸ್-6 ವಾಹನಗಳ ಪ್ರಮಾಣಪತ್ರಕ್ಕೆ ಒಂದು ವರ್ಷ ಮಾನ್ಯತೆಯಿದೆ. ಇಂಜಿನ್ ಚೆನ್ನಾಗಿ ಬಿಸಿಯಾಗಿರುವಾಗಲೇ ತಪಾಸಣೆ ಮಾಡಿಸಬೇಕು. ತಣ್ಣನೆಯ ಇಂಜಿನ್ ಹೆಚ್ಚು ಹೊಗೆ ತೋರಿಸುತ್ತದೆ.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನ ಪ್ರಕಾರ ಮಾಲಿನ್ಯ ಮಿತಿ ಉಲ್ಲಂಘನೆಗೆ 10,000 ರೂಪಾಯಿಗಳವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ. ನಂತರ ವಾಹನ ತಪಾಸಣೆಯ ಮೇಲೆ ಐದೈದು ವರ್ಷಕ್ಕೆ ನವೀಕರಣ. ಕೊಪ್ಪಳದ ಕೆಎ-37 ನೋಂದಣಿಯ ಕಾರುಗಳಿಗೂ ಇದೇ ಕ್ರಮ.

ಲೆಕ್ಕದ ಪುಸ್ತಕದಲ್ಲಿ

ಮಂದಗತಿಯ ಕಾರಿನ ನಿಜವಾದ ನಷ್ಟ ಡೀಸೆಲ್‌ನಲ್ಲಿದೆ. ಲೀಟರಿಗೆ 16 ಕಿಲೋಮೀಟರ್ ಕೊಡುತ್ತಿದ್ದ ಕಾರು 12 ಕೊಡತೊಡಗಿದರೆ, ತಿಂಗಳಿಗೆ 1,500 ಕಿಲೋಮೀಟರ್ ಓಡುವವರಿಗೆ 94 ಲೀಟರಿನ ಬದಲು 125 ಲೀಟರ್ ಬೇಕಾಗುತ್ತದೆ. ತಿಂಗಳಿಗೆ 31 ಲೀಟರ್ ಹೆಚ್ಚು. ಅಂದಂದಿನ ದರದಿಂದ ಗುಣಿಸಿದರೆ ಫಿಲ್ಟರ್ ಬದಲಿಸಲು ಹಿಂಜರಿದವರಿಗೆ ಉತ್ತರ ದೊರೆಯುತ್ತದೆ. ಪ್ರತಿ ಸಲ ಟ್ಯಾಂಕ್ ಪೂರ್ತಿ ತುಂಬಿಸಿ ಕಿಲೋಮೀಟರ್ ಬರೆದಿಡುವ ಪುಟ್ಟ ಪುಸ್ತಕ ಕಾರಿನಲ್ಲಿದ್ದರೆ, ಹೊಗೆ ಕಾಣುವ ಮೊದಲೇ ದೋಷದ ಸುಳಿವು ಸಿಗುತ್ತದೆ.

ದುರಸ್ತಿಗೆ ಬಿಲ್ಲು ಪಡೆಯುವುದು, ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ನೋಡುವುದು ಅವಶ್ಯ. ವ್ಯವಹಾರದ ಹೆಸರಿನಲ್ಲಿರುವ ಕಾರಿನ ದುರಸ್ತಿ ವೆಚ್ಚವನ್ನು ಲೆಕ್ಕದಲ್ಲಿ ತೋರಿಸಲು ಬಿಲ್ಲು ಬೇಕು. ಆದರೆ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿಗೆ ಕೊಟ್ಟ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆ ಸಾಮಾನ್ಯ ವರ್ತಕರಿಗೆ ದೊರೆಯುವುದಿಲ್ಲ. ಸರಕು ಸಾಗಣೆಯ ವಾಹನಕ್ಕೆ ದೊರೆಯುತ್ತದೆ.

ಇನ್ನು ಗಂಗಾವತಿಯ ಆ ವರ್ತಕರ ಕಾರಿನ ವಿಚಾರ. ಹೊಗೆ ಕಪ್ಪು, ಏರಿನಲ್ಲಿ ಹೆಚ್ಚು, ಆಯಿಲ್ ಇಳಿಕೆಯಿಲ್ಲ, ಬೆಳಿಗ್ಗೆ ಒಂದೇ ಸಲಕ್ಕೆ ಚಾಲು ಆಗುತ್ತದೆ. ಇಷ್ಟು ಟಿಪ್ಪಣಿಯಿಂದಲೇ ಕಂಪ್ರೆಷನ್ ಚೆನ್ನಾಗಿರುವ ಸಂಭವ ಹೆಚ್ಚು, ‘ಇಂಜಿನ್ ಕೆಲಸ’ ದೂರದ ಮಾತು ಎಂದು ತಿಳಿಯುತ್ತದೆ. ಮೊದಲು ಏರ್ ಫಿಲ್ಟರ್, ನಂತರ ಟರ್ಬೊ ಪೈಪ್ ಮತ್ತು ಇಜಿಆರ್, ಆಮೇಲೆ ನಾಜಲ್ ಪರೀಕ್ಷೆ, ಪಂಪ್ ಕೊನೆಗೆ. ಪ್ರತಿ ಹೆಜ್ಜೆಯ ನಂತರ ಅದೇ ರಸ್ತೆಯ ಅದೇ ಏರಿನಲ್ಲಿ ಓಡಿಸಿ ನೋಡಬೇಕು. ಒಂದೇ ದಿನ ನಾಲ್ಕು ಭಾಗ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂಬುದು ತಿಳಿಯುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಕಂಪ್ರೆಷನ್ ಅಂಕಿಗಳು ಕಡಿಮೆ ಬಂದು, ಇಂಜಿನ್ ಕೆಲಸದ ವೆಚ್ಚ ಕಾರಿನ ಮಾರುಕಟ್ಟೆ ಬೆಲೆಯನ್ನು ಸಮೀಪಿಸಿದರೆ, ಆಗ ಮಾರಾಟದ ಸಲಹೆಗೆ ಅರ್ಥವಿದೆ. ಅಲ್ಲಿಯವರೆಗೆ ಅದು ಅವಸರದ ಮಾತು.